ಪಂಢರಪುರದ ದಾರಿ: ಆಷಾಢಕ್ಕೆ ಜನಸಾಗರ, ಮಾಘಕ್ಕೆ ಯಾಕಿಲ್ಲ?



ಜ್ಯೇಷ್ಠ ಮಾಸ ಮುಗಿಯುತ್ತಾ ಬಂತೆಂದರೆ ಪುಣೆಯಲ್ಲಿರುವವರಿಗೆ ಬೇರೆ ಪಂಚಾಂಗ ಬೇಕಾಗಿಲ್ಲ. ಎರಡು ದಿನ ರಸ್ತೆಗಳು ಬಂದ್, ಬಸ್ಸುಗಳು ಸುತ್ತು ದಾರಿ, ಶಾಲೆಗಳ ಅಂಗಳದಲ್ಲಿ ಬಿಳಿ ಟೋಪಿ, ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಹೆಂಗಸರು. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹುವಿನಿಂದ ತುಕಾರಾಮರ ಪಾಲಕಿ ಊರೊಳಗೆ ಬಂದಿವೆ ಎಂದು ಗೊತ್ತಾಗುತ್ತದೆ. ಮುಂಬಯಿಯವರಿಗೆ ಟಿವಿಯಲ್ಲಿ ದಿವೆ ಘಾಟಿನ ಮೇಲೆ ಹರಿದು ಬರುವ ಜನರ ಸಾಲು ಕಾಣುತ್ತದೆ. ಆದರೆ ಪಂಢರಪುರಕ್ಕೆ ವಾರಿ ವರ್ಷಕ್ಕೆ ಒಂದಲ್ಲ, ನಾಲ್ಕು. ಚೈತ್ರ, ಆಷಾಢ, ಕಾರ್ತೀಕ, ಮಾಘ. ನಾಲ್ಕೂ ಶುದ್ಧ ಏಕಾದಶಿಗಳೇ. ಅದೇ ದೇವರು, ಅದೇ ಚಂದ್ರಭಾಗೆ, ಅದೇ ದಾರಿ. ಹೀಗಿದ್ದೂ ಆಷಾಢಕ್ಕೆ ಬರುವ ಜನ ಹತ್ತು ಲಕ್ಷ ದಾಟುತ್ತದೆಂದು ಅಂದಾಜು ಹಾಕುತ್ತಾರೆ. ಕಾರ್ತೀಕಕ್ಕೆ ಅದರ ಅರ್ಧದಷ್ಟೂ ಬಂದರೆ ಹೆಚ್ಚು. ಮಾಘ, ಚೈತ್ರಗಳಲ್ಲಿ ಇನ್ನೂ ಕಡಿಮೆ. ಅದರಲ್ಲೂ ನಡೆದೇ ಬರುವವರನ್ನು ಎಣಿಸಿದರೆ ಅಂತರ ಇನ್ನಷ್ಟು ದೊಡ್ಡದು.

ಪುರಾಣದ ಉತ್ತರ ಸುಲಭ. ಆಷಾಢ ಶುದ್ಧ ಏಕಾದಶಿ ಅಂದರೆ ನಾವು ಪ್ರಥಮ ಏಕಾದಶಿ ಅನ್ನುವ ದಿನ ದೇವರು ಮಲಗುತ್ತಾನೆ. ಕಾರ್ತೀಕದ ಉತ್ಥಾನ ಏಕಾದಶಿಗೆ ಏಳುತ್ತಾನೆ. ಮಲಗುವ ಮುನ್ನ ಒಮ್ಮೆ ಮುಖ ನೋಡಿ ಬರೋಣ ಎಂದು ಜನ ಓಡುತ್ತಾರೆ. ಸರಿ, ಆದರೆ ಎದ್ದ ದಿನವೂ ಅಷ್ಟೇ ಜನ ಬರಬೇಕಿತ್ತಲ್ಲ? ಅದಕ್ಕೆ ಉತ್ತರ ದೇವರ ನಿದ್ದೆಯಲ್ಲಿಲ್ಲ, ರೈತನ ಹೊಲದಲ್ಲಿದೆ.

ಮುಂಗಾರಿನ ಲೆಕ್ಕ ನೋಡಿ. ರೋಹಿಣಿ, ಮೃಗಶಿರಾ ಮಳೆಗೆ ನೆಲ ಹದವಾಗುತ್ತದೆ. ಸಜ್ಜೆ, ತೊಗರಿ, ಹೆಸರು, ಉದ್ದು, ಈಚೆಗೆ ಸೋಯಾ ಬಿತ್ತುತ್ತಾರೆ. ಬಿತ್ತಿದ ಮೇಲೆ ಬೆಳೆ ಮೇಲೆದ್ದು ಎಡೆ ಹೊಡೆಯುವ, ಕಳೆ ತೆಗೆಯುವ ಕೆಲಸ ಜೋರಾಗುವವರೆಗೆ ಎರಡು ಮೂರು ವಾರ ಸ್ವಲ್ಪ ಬಿಡುವು. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್. ಪಾಲಕಿಯ ಜೊತೆ ನಡೆದರೆ ಹದಿನೆಂಟು ಇಪ್ಪತ್ತು ದಿನ. ಬಿತ್ತಿದವನ ಬಿಡುವಿಗೂ ನಡೆಯುವವನ ದಿನಗಳಿಗೂ ಇಷ್ಟು ಚೆನ್ನಾಗಿ ತಾಳೆಯಾಗುವ ಇನ್ನೊಂದು ಅವಧಿ ವರ್ಷದಲ್ಲಿ ಸಿಗುವುದಿಲ್ಲ. ಬಿತ್ತಿ ಬಂದವನಿಗೆ ಮನೆಯಲ್ಲಿ ಮಾಡುವುದಕ್ಕೇನೂ ಇಲ್ಲ, ಆಕಾಶ ನೋಡುವುದು ಬಿಟ್ಟರೆ. ಆಕಾಶ ನೋಡುತ್ತಾ ಕೂರುವ ಬದಲು ಆಕಾಶದ ಕೆಳಗೆ ನಡೆಯುತ್ತಾನೆ.

ಆದರೆ ಚಂದ್ರಮಾನದ ತಿಥಿಗೂ ಮಳೆಗೂ ಒಪ್ಪಂದವೇನೂ ಆಗಿಲ್ಲ. ಅಧಿಕ ಮಾಸ ಯಾವಾಗ ಬರುತ್ತದೆ ಎಂಬುದರ ಮೇಲೆ ಆಷಾಢಿ ಏಕಾದಶಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಓಲಾಡುತ್ತದೆ. 2015ರಲ್ಲಿ ಜುಲೈ 27, 2018ರಲ್ಲಿ ಜುಲೈ 23, 2023ರಲ್ಲಿ ಜೂನ್ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಜ್ಞಾನೇಶ್ವರರ ಪಾಲಕಿ 2018ರಲ್ಲಿ ಆಳಂದಿ ಬಿಟ್ಟಿದ್ದು ಜುಲೈ 6ಕ್ಕೆ, 2023ರಲ್ಲಿ ಜೂನ್ 11ಕ್ಕೇ. ಹೆಚ್ಚು ಕಡಿಮೆ ಒಂದು ತಿಂಗಳ ವ್ಯತ್ಯಾಸ. 2023ರ ಮುಂಗಾರು ನಿಮಗೆ ನೆನಪಿರಬಹುದು. ಮುಂಬಯಿಗೂ ದೆಹಲಿಗೂ ಒಂದೇ ದಿನ, ಜೂನ್ 25ಕ್ಕೆ ಮಳೆಗಾಲ ಕಾಲಿಟ್ಟಿತು. 1961ರ ನಂತರ ಹಾಗಾದದ್ದು ಅದೇ ಮೊದಲು ಎಂದು ಹವಾಮಾನ ಇಲಾಖೆ ಹೇಳಿತು. ದೆಹಲಿಯ ಕೇಳುಗರಿಗೆ ಅದು ಖುಷಿಯ ಸುದ್ದಿ. ಪಂಢರಪುರದ ದಾರಿಯಲ್ಲಿದ್ದವರಿಗೆ ಮಾತ್ರ ಪ್ರಯಾಣದ ಬಹುಪಾಲು ಬಿಸಿಲು ಧೂಳಲ್ಲೇ ಕಳೆದಿತ್ತು. ಬಿತ್ತನೆ ಇನ್ನೂ ಆಗಿಲ್ಲದವನು ಇಂಥ ವರ್ಷ ಏನು ಮಾಡಬೇಕು? ಕೆಲವರು ಹೇಗೂ ಕೆಲಸವಿಲ್ಲವೆಂದು ಹೊರಟುಬಿಡುತ್ತಾರೆ. ಕೆಲವರು ಮಳೆ ಬಿದ್ದ ಸುದ್ದಿ ಕೇಳಿ ಅರ್ಧ ದಾರಿಯಿಂದ ಬಸ್ ಹಿಡಿದು ಊರಿಗೆ ಮರಳುತ್ತಾರೆ. ಮನೆಯಲ್ಲಿ ದುಡಿಯುವ ಮಗನಿದ್ದರೆ ಅಪ್ಪ ವಾರಿಗೆ ಹೋಗುತ್ತಾನೆ, ಮಗ ಕೂರಿಗೆ ಹಿಡಿಯುತ್ತಾನೆ. ದಿಂಡಿಗಳಲ್ಲಿ ವಯಸ್ಸಾದವರೇ ಹೆಚ್ಚು ಕಾಣುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ ಎಂದು ನನ್ನ ಅನಿಸಿಕೆ.

ಈ ಲೆಕ್ಕ ಘಟ್ಟದ ಈಚೆಗೆ ಮಾತ್ರ ನಡೆಯುತ್ತದೆ. ಕೊಂಕಣದವನಿಗೆ ಆಷಾಢ ಅಂದರೆ ಮೊಣಕಾಲುದ್ದ ಕೆಸರಿನಲ್ಲಿ ಭತ್ತದ ನಾಟಿ. ಆಗ ಮನೆ ಬಿಟ್ಟರೆ ವರ್ಷದ ಅನ್ನ ಹೋಯಿತು. ಹೀಗಾಗಿ ಕೊಂಕಣದ ವಾರಕರಿಗಳು ಕೊಯ್ಲು ಮುಗಿಸಿ ಕಾರ್ತೀಕಕ್ಕೆ ಹೆಚ್ಚಾಗಿ ಬರುತ್ತಾರೆ. ಸೋಲಾಪುರ, ವಿಜಯಪುರದ ಕಡೆಯ ಹಿಂಗಾರಿ ರೈತನಿಗೂ ಕಾರ್ತೀಕ ಅನುಕೂಲವೇ. ಬಿಳಿಜೋಳ ಬಿತ್ತಿ ಆಗಿರುತ್ತದೆ, ಕೊಯ್ಲು ಇನ್ನೂ ದೂರ. ಜೊತೆಗೆ ಕಾರ್ತೀಕಿಗೆ ವಾಖರಿ ಬಯಲಿನಲ್ಲಿ ದನದ ಪೇಟೆ ಸೇರುತ್ತದೆ. ಕಿಲಾರಿ ಎತ್ತುಗಳನ್ನು ಕೊಳ್ಳುವವರು, ಮಾರುವವರು, ಸುಮ್ಮನೆ ಬಾಲ ಎತ್ತಿ ಹಲ್ಲು ನೋಡುವವರು ಎಲ್ಲ ಅಲ್ಲಿ. ದೇವರ ದರ್ಶನಕ್ಕೆ ಬಂದವನು ಎತ್ತು ಕೊಂಡನೋ, ಎತ್ತು ಕೊಳ್ಳಲು ಬಂದವನು ದೇವರ ದರ್ಶನ ಮಾಡಿದನೋ ಎಂದು ಕೇಳಬಾರದು.

ಮಾಘ ಬರುವ ಹೊತ್ತಿಗೆ ಅದೇ ಬಿಳಿಜೋಳ ಕೊಯ್ಲಿಗೆ ಬಂದಿರುತ್ತದೆ. ಜೋಳ ಕೀಳುವ, ತೆನೆ ಮುರಿಯುವ ಕಾಲದಲ್ಲಿ ಊರಿಂದ ಹದಿನೈದು ದಿನ ಕಾಣೆಯಾಗುವುದು ಯಾರಿಗೆ ಸಾಧ್ಯ? ನಮ್ಮ ಉತ್ತರ ಕರ್ನಾಟಕದವರಿಗೆ ಮಾಘದಲ್ಲಿ ಬೇರೆ ದಾರಿಗಳೂ ಇವೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ, ಅದೇ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆ. ಚೈತ್ರದ್ದು ಇನ್ನೊಂದು ಕಥೆ. ಸುಗ್ಗಿ ಮುಗಿದಿದೆ, ಕೈ ಖಾಲಿ, ಕಿಸೆಯಲ್ಲಿ ನಾಲ್ಕು ಕಾಸು. ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಬೇಕೆ ಎನ್ನಬಹುದು. ಆದರೆ ಬಿಸಿಲು 40 ಡಿಗ್ರಿಗೆ ಏರಿರುತ್ತದೆ, ಹೊಳೆ ಬತ್ತಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲುನಡಿಗೆಯವರು ಆಗ ಕಂಬಿ ಹೊತ್ತು ಶ್ರೀಶೈಲದ ಮಲ್ಲಯ್ಯನ ಕಡೆಗೆ ಹೋಗಿರುತ್ತಾರೆ. ಅವರು ಯುಗಾದಿಗೆ ಶ್ರೀಶೈಲದಲ್ಲಿ. ಚೈತ್ರದ ಏಕಾದಶಿ ಬರುವುದು ಯುಗಾದಿಯಾದ ಹತ್ತೇ ದಿನಕ್ಕೆ. ಎರಡನ್ನೂ ನಡೆದು ಮುಗಿಸಲು ಗರುಡನ ರೆಕ್ಕೆ ಬೇಕು. ಮರಾಠಿ ಸೀಮೆಯಲ್ಲೂ ಚೈತ್ರದ ಕಾಲುಗಳು ಶಿಖರ ಶಿಂಗಣಾಪುರದ ಶಂಭು ಮಹಾದೇವನ ಕಡೆ ತಿರುಗಿರುತ್ತವೆ. ಹೀಗೆ ದಖ್ಖನ್ನಿನ ದೇವರುಗಳು ವರ್ಷದ ತಿಂಗಳುಗಳನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡ ಹಾಗಿದೆ. ಆಷಾಢ ವಿಠ್ಠಲನ ಪಾಲಿಗೆ ಬಂತು.

ಇಷ್ಟಾದರೂ ಹೊಲದ ಲೆಕ್ಕ ಒಂದರಿಂದಲೇ ಆಷಾಢಿ ಇಷ್ಟು ದೊಡ್ಡದಾಗಲಿಲ್ಲ. ಅದನ್ನು ದೊಡ್ಡದು ಮಾಡಿದ್ದರಲ್ಲಿ ಇಬ್ಬರು ಮನುಷ್ಯರ ಪಾತ್ರ ದೊಡ್ಡದು. 1685ರಲ್ಲಿ ತುಕಾರಾಮರ ಕಿರಿಯ ಮಗ ನಾರಾಯಣ ಮಹಾರಾಜರು ಅಪ್ಪನ ಪಾದುಕೆಗಳನ್ನು ಪಾಲಕಿಯಲ್ಲಿಟ್ಟು, ಆಳಂದಿಗೆ ಹೋಗಿ ಜ್ಞಾನೇಶ್ವರರ ಪಾದುಕೆಗಳನ್ನೂ ಸೇರಿಸಿಕೊಂಡು ಪಂಢರಪುರಕ್ಕೆ ಹೊರಟರು. ಅಲ್ಲಿಯವರೆಗೆ ಗುಂಪು ಗುಂಪಾಗಿ, ಮನೆತನದ ವ್ರತವಾಗಿ ನಡೆಯುತ್ತಿದ್ದ ವಾರಿಗೆ ಒಂದು ಕೇಂದ್ರ ಸಿಕ್ಕಿತು. 19ನೇ ಶತಮಾನದ ಮೊದಲ ಭಾಗದಲ್ಲಿ ಸಾತಾರಾ ಕಡೆಯ ಆರಫಳ ಗ್ರಾಮದ ಹೈಬತರಾವ್ ಬಾಬಾ ಎಂಬುವರು, ಗ್ವಾಲಿಯರಿನ ಸಿಂಧಿಯಾ ದರಬಾರಿನಲ್ಲಿ ಸೇವೆ ಮಾಡಿ ಬಂದವರು, ಆಳಂದಿಯಲ್ಲಿ ನೆಲೆಸಿ ಜ್ಞಾನೇಶ್ವರರ ಪಾಲಕಿಯನ್ನು ಪ್ರತ್ಯೇಕವಾಗಿ ಹೊರಡಿಸಿದರು. ದಂಡಿನಲ್ಲಿದ್ದ ಮನುಷ್ಯ, ಶಿಸ್ತೂ ದಂಡಿನದೇ. ತುತ್ತೂರಿ ಊದಿದಾಗ ಏಳಬೇಕು. ದಿಂಡಿಗಳಿಗೆ ಕ್ರಮಸಂಖ್ಯೆ, ರಥದ ಮುಂದೆ 27, ಉಳಿದವು ಹಿಂದೆ. ಚೋಪದಾರ ಬೆಳ್ಳಿಯ ಕೋಲು ಎತ್ತಿದರೆ ಇಡೀ ಮೈದಾನ ಗಪ್‌ಚಿಪ್. ಈ ವ್ಯವಸ್ಥೆ ಇಲ್ಲದಿದ್ದರೆ ಮಳೆಗಾಲದ ಮಧ್ಯೆ ಇಷ್ಟು ಜನ ಒಟ್ಟಿಗೆ ನಡೆಯುವುದು ಸಾಧ್ಯವೇ ಇರಲಿಲ್ಲ. ಸಂತರ ಪಾದುಕೆಗಳು ಬರುವುದು ಆಷಾಢಕ್ಕೆ, ಆದ್ದರಿಂದ ಜನ ಬರುವುದೂ ಆಷಾಢಕ್ಕೆ. ಮಾಘದ ವಾರಕರಿ ದೇವರನ್ನು ನೋಡಲು ಹೋಗುತ್ತಾನೆ, ಆಷಾಢದ ವಾರಕರಿ ಜ್ಞಾನೋಬಾ ತುಕಾರಾಮರ ಜೊತೆಗೂಡಿ ಹೋಗುತ್ತಾನೆ.

ಇಲ್ಲಿ ಕನ್ನಡ ನಾಡಿಗೆ ಸೇರಿದ ಒಂದು ಸಂಗತಿ ಹೇಳಲೇಬೇಕು. ಜ್ಞಾನೇಶ್ವರರ ಪಾಲಕಿಯ ಮುಂದೆ ಎರಡು ಕುದುರೆ ನಡೆಯುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದು ಮಾಊಲಿಯ ಕುದುರೆ, ಅದರ ಮೇಲೆ ಜ್ಞಾನೇಶ್ವರರೇ ಕೂತಿದ್ದಾರೆಂದು ನಂಬಿಕೆ. ಈ ಕುದುರೆಗಳು ಬರುವುದು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಅಂಕಲಿಯಿಂದ, ಶಿತೋಳೆ ಸರದಾರರ ಮನೆತನದಿಂದ. ಹೈಬತ ಬಾಬಾರ ಕಾಲದಿಂದ ನಡೆದು ಬಂದ ಸೇವೆ ಇದು. ಅಂಕಲಿಯಿಂದ ಮಿರಜ್, ಸಾಂಗ್ಲಿ, ಸಾತಾರಾ, ಪುಣೆಯ ಮೇಲೆ ಆಳಂದಿಗೆ ಸುಮಾರು 300 ಕಿಲೋಮೀಟರ್ ನಡೆದೇ ಬಂದು, ಅಲ್ಲಿಂದ ಮತ್ತೆ ಪಂಢರಪುರಕ್ಕೆ 250. ದಾರಿಯಲ್ಲಿ ರಿಂಗಣದ ಬಯಲುಗಳಲ್ಲಿ ಲಕ್ಷಾಂತರ ಜನರ ನಡುವೆ ಆ ಖಾಲಿ ಬೆನ್ನಿನ ಕುದುರೆ ಓಡುತ್ತದೆ. ಅದರ ಗೊರಸಿನ ಕೆಳಗಿನ ಮಣ್ಣನ್ನು ಜನ ಹಣೆಗಿಟ್ಟುಕೊಳ್ಳುತ್ತಾರೆ. ಟಿವಿಯಲ್ಲಿ ನೋಡುವಾಗ ಮಕ್ಕಳಿಗೆ ತೋರಿಸಿ, ಅದು ನಮ್ಮ ಅಂಕಲಿ ಕುದುರೆ ಎಂದು.

ಹಳೆಯ ನಂಟೂ ಇದೆ. 1237ರಲ್ಲಿ ಹೊಯ್ಸಳ ಸೋಮೇಶ್ವರ ಪಂಢರಪುರದ ಈ ದೇವರಿಗೆ ದತ್ತಿ ಬಿಟ್ಟ ಶಾಸನ ಗುಡಿಯಲ್ಲೇ ಇದೆ. ಭಾಷೆ ಸಂಸ್ಕೃತ ಮತ್ತು ಕನ್ನಡ. 1273ರಿಂದ 1277ರವರೆಗೆ, ದೇವಗಿರಿಯ ಯಾದವ ರಾಮಚಂದ್ರನ ಕಾಲದಲ್ಲಿ ಗುಡಿಗೆ ಕಾಣಿಕೆ ಕೊಟ್ಟವರ ಉದ್ದನೆಯ ಪಟ್ಟಿಯ ಇನ್ನೊಂದು ಶಾಸನವಿದೆ. ಅಂದರೆ ಜ್ಞಾನೇಶ್ವರರು 1296ರಲ್ಲಿ ಸಮಾಧಿ ಹೊಂದುವ ಮೊದಲೇ ದೂರ ದೂರದವರು ಇಲ್ಲಿಗೆ ಬರುತ್ತಿದ್ದರು. ಆದರೆ ಶಾಸನ ದಾನಿಗಳನ್ನು ಎಣಿಸುತ್ತದೆ, ನಡೆದು ಬಂದ ಬರಿಗೈಯವರನ್ನು ಎಣಿಸುವುದಿಲ್ಲ.

ಬರಿಗೈಯವರನ್ನು ಎಣಿಸಲು ತೊಡಗಿದ್ದು ಬ್ರಿಟಿಷರು, ಅದೂ ಭಕ್ತಿಗಲ್ಲ, ಭಯಕ್ಕೆ ಮತ್ತು ತೆರಿಗೆಗೆ. ಮಳೆಗಾಲದಲ್ಲಿ ಒಂದು ಸಣ್ಣ ಊರಿಗೆ ಲಕ್ಷ ಜನ ನುಗ್ಗಿದರೆ, ಎಲ್ಲರೂ ಒಂದೇ ಹೊಳೆಯ ನೀರು ಕುಡಿದರೆ ಕಾಲರಾ ಬರುತ್ತಿತ್ತು. ಬಂದದ್ದು ಜನರ ಜೊತೆಗೇ ಅವರ ಊರುಗಳಿಗೂ ಹೋಗುತ್ತಿತ್ತು. 19ನೇ ಶತಮಾನದ ಅಧಿಕಾರಿಗಳಿಗೆ ಪಂಢರಪುರ ದೊಡ್ಡ ತಲೆನೋವು. ಊರೊಳಗೆ ಬರುವವರ ಮೇಲೆ ಯಾತ್ರಾ ಕರ ಬಿತ್ತು, ನೈರ್ಮಲ್ಯದ ವರದಿಗಳು ಶುರುವಾದವು. ಪ್ಲೇಗಿನ ಕಾಲದಲ್ಲಿ ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವ ಅಧಿಕಾರ ಕೊಟ್ಟಿತು. ಆಷಾಢಿಯ ಜನಸಂಖ್ಯೆ ಏರುವುದು ದೇವರಿಗೆ ಸಂತೋಷ, ಸರಕಾರಕ್ಕೆ ಗಂಡಾಂತರ ಎಂಬ ಸ್ಥಿತಿ.

ಆ ಕಾಯ್ದೆ 123 ವರ್ಷಗಳ ನಂತರ ಮತ್ತೆ ಹೊರಬಂತು. 2020ರ ಮಾರ್ಚಿನಲ್ಲಿ ಗುಡಿಯ ಬಾಗಿಲು ಮುಚ್ಚಿತು. ಏಪ್ರಿಲಿನ ಚೈತ್ರಿ ವಾರಿ ನಡೆಯಲಿಲ್ಲ. ಜುಲೈ 1ರ ಆಷಾಢಿಗೆ ಪಾದುಕೆಗಳು ಕೈಬೆರಳೆಣಿಕೆಯ ಜನರೊಂದಿಗೆ ರಾಜ್ಯ ಸಾರಿಗೆಯ ಬಸ್ಸಿನಲ್ಲಿ ಕೂತು ಪಂಢರಪುರಕ್ಕೆ ಬಂದವು. ಹದಿನೆಂಟು ದಿನದ ದಾರಿ ಕೆಲವೇ ಗಂಟೆಗಳಲ್ಲಿ ಮುಗಿಯಿತು. 2021ರಲ್ಲೂ ಬಸ್ಸೇ. ದಾರಿಯುದ್ದದ ಊರುಗಳಲ್ಲಿ ತಲೆಮಾರುಗಳಿಂದ ವಾರಕರಿಗಳಿಗೆ ಜುಣಕ, ಭಾಕರಿ ಬಡಿಸುತ್ತಿದ್ದ ಮನೆಗಳವರು ರಸ್ತೆಯ ಬದಿ ನಿಂತು ಬಸ್ಸಿಗೇ ಕೈ ಮುಗಿದರು. 2022ರ ಜುಲೈಗೆ ಮತ್ತೆ ಕಾಲುಗಳು ದಾರಿಗೆ ಬಿದ್ದವು.

ರೈಲಿನ ವಿಷಯಕ್ಕೆ ಬರೋಣ. ಬಾರ್ಶಿ ಲೈಟ್ ರೈಲ್ವೆ ಎಂಬ ಎರಡೂವರೆ ಅಡಿ ಅಗಲದ ಪುಟ್ಟ ಹಳಿ 1906ರಲ್ಲಿ ಪಂಢರಪುರ ಮುಟ್ಟಿತು. 1927ರಲ್ಲಿ ಅದು ಮಿರಜ್‌ವರೆಗೆ ಹೋಯಿತು. ಅದರೊಂದಿಗೆ ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಮಿರಜ್‌ನಲ್ಲಿ ಗಾಡಿ ಬದಲಿಸಿ ಪಂಢರಪುರ ಸೇರುವ ದಾರಿ ತೆರೆಯಿತು. ರೈಲು ಬಂದ ಮೇಲೆ ನಡೆಯುವವರು ಕಡಿಮೆಯಾಗಬೇಕಿತ್ತು. ಹಾಗಾಗಲಿಲ್ಲ. ಕಾರ್ತೀಕ, ಮಾಘಗಳಿಗೆ ಜನ ಗಾಡಿ ಹತ್ತಿದರು. ಆಷಾಢಕ್ಕೆ ನಡೆಯುವುದನ್ನು ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ನಡೆಯುವುದಕ್ಕೂ ಬೇರೆ ದಾರಿಯಿದ್ದೂ ನಡೆಯುವುದಕ್ಕೂ ವ್ಯತ್ಯಾಸವಿದೆ. ಆಷಾಢಿ ಈಗಿನ ಅರ್ಥದಲ್ಲಿ ಕಾಲುನಡಿಗೆಯ ವಾರಿಯಾದದ್ದು, ವಿಚಿತ್ರವೆನಿಸಬಹುದು, ರೈಲು ಬಂದ ಮೇಲೆ.

ಆಮೇಲೆ ಬಂದದ್ದು ಕಬ್ಬು. ನೀರಾ ಕಾಲುವೆಗಳು ಬಾರಾಮತಿ, ಫಲ್ಟಣ, ಮಾಳಶಿರಸ್ ಕಡೆಯ ಒಣನೆಲವನ್ನು ಹಸಿರು ಮಾಡಿದವು, 1980ಕ್ಕೆ ಮುಗಿದ ಉಜನಿ ಅಣೆಕಟ್ಟು ಭೀಮೆಯ ಕಣಿವೆಯನ್ನು. ಪಾಲಕಿಯ ದಾರಿಯ ಎರಡೂ ಬದಿ ಈಗ ಕಬ್ಬಿನ ಗದ್ದೆ. ಸಕ್ಕರೆ ಕಾರ್ಖಾನೆಗಳ ಹಂಗಾಮು ದೀಪಾವಳಿ ಆಸುಪಾಸಿನಲ್ಲಿ ಶುರುವಾಗಿ ಬೇಸಗೆಯವರೆಗೆ. ಬೀಡ್ ಜಿಲ್ಲೆಯವರು, ವಿಜಯಪುರದ ತಾಂಡಾಗಳವರು ಸಂಸಾರ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವುದು ಆಗಲೇ. ಮುಂಗಡ ಹಣ ಪಡೆದವನು ಕಾರ್ತೀಕಿಗೆಂದು ಕೊಯ್ತ ಕೆಳಗಿಡುವ ಹಾಗಿಲ್ಲ, ಮಾಘಿಗೂ ಇಲ್ಲ. ನಾಲ್ಕು ವಾರಿಗಳಲ್ಲಿ ಎರಡು ಅವನ ಪಾಲಿಗೆ ಕಳೆದೇಹೋದವು, ಚೈತ್ರದ್ದು ಸಿಕ್ಕರೆ ಸಿಕ್ಕಿತು. ಉಳಿದದ್ದು ಆಷಾಢ. ಅವನ ತಾತನಿಗೆ ಯಾವ ವಾರಿಗೆ ಹೋಗಬೇಕೆಂಬ ಆಯ್ಕೆ ಇತ್ತು, ಇವನಿಗಿಲ್ಲ. ಆಷಾಢಿಯ ಗುಂಪು ಬೆಳೆದದ್ದರ ಬಗ್ಗೆ ಭಕ್ತಿ ಹೆಚ್ಚಿತು ಎಂದು ಬರೆಯುವವರು ಈ ಮಾತನ್ನೂ ಒಂದು ಸಾಲು ಬರೆದರೆ ಒಳ್ಳೆಯದು. ಪುಣೆಯ ಕಟ್ಟಡಗಳಲ್ಲಿ ದುಡಿಯುವ ನಮ್ಮ ಕಲಬುರಗಿ, ಯಾದಗಿರಿಯವರಿಗೂ ಇದೇ ಪಾಡು. ಮಳೆಗಾಲದಲ್ಲಿ ಬಿತ್ತಲು ಊರಿಗೆ ಹೋದಾಗ ಮಾತ್ರ ಅವರ ಕಾಲು ಅವರದು.

ಎಣಿಕೆ ಹೇಳದ ಇನ್ನೂ ಒಂದಿದೆ. ಲಕ್ಷ ಜನ ಬಂದರು ಅಂದರೆ ಲಕ್ಷ ಜನ ದೇವರನ್ನು ಕಂಡರು ಎಂದಲ್ಲ. ಗುಡಿಯ ಮಹಾದ್ವಾರದ ಎದುರು ಚೋಖಾಮೇಳನ ಸಮಾಧಿ ಇದೆ. ಅವನ ಜಾತಿಯವರು ಅಷ್ಟೇ ದಿನ ನಡೆದು, ಅಷ್ಟೇ ಮಳೆಯಲ್ಲಿ ನೆನೆದು ಬಂದು, ಶತಮಾನಗಳ ಕಾಲ ಅಲ್ಲೇ ನಿಂತು ಕಳಶಕ್ಕೆ ಕೈಮುಗಿದು ಹಿಂದಿರುಗಿದರು. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿ ಉಪವಾಸ ಕೂತ ಮೇಲೆ ಬಾಗಿಲು ಅವರಿಗೆ ತೆರೆಯಿತು. ಒಳಗೆ ಬಿಟ್ಟರೂ ದಾರಿಯಲ್ಲಿ ಜಾತಿ ಹೋಗಲಿಲ್ಲ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ ತಾವು ವಾರಿಯಲ್ಲಿ ನಡೆದದ್ದನ್ನು ಬರೆದ ಲೇಖನ 1949ರ ಅವರ ಪುಸ್ತಕದಲ್ಲಿದೆ. ಒಂದೇ ಹಾಡು ಹಾಡುತ್ತಾ ನಡೆದವರು ಊಟದ ಹೊತ್ತಿಗೆ ಜಾತಿಗೊಂದು ಒಲೆ ಹೂಡುವುದನ್ನು ನೋಡಿ ಅವರು ನೊಂದುಕೊಂಡಿದ್ದಾರೆ. ಯಾವ ನಾಡಿನ ಜನ ಪಂಢರಪುರಕ್ಕೆ ಹೋಗುತ್ತಾರೋ ಅದು ಮಹಾರಾಷ್ಟ್ರ ಎಂಬ ಅರ್ಥದ ಮಾತೂ ಆ ಲೇಖನದಲ್ಲೇ ಬರುತ್ತದೆ. (ಆ ಲೆಕ್ಕ ಹಿಡಿದರೆ ಅಂಕಲಿಯ ಕುದುರೆಗಳಿಗೆ ಯಾವ ರಾಜ್ಯದ ರೇಷನ್ ಕಾರ್ಡು ಕೊಡಬೇಕೋ! ಗಡಿ ವಿವಾದ ಇಲ್ಲಿ ಬೇಡ.) ಕಾದಂಬರಿಕಾರ ದಿ. ಬಾ. ಮೊಕಾಶಿ 1961ರಲ್ಲಿ ಪಾಲಕಿಯ ಜೊತೆ ನಡೆದು 1964ರಲ್ಲಿ ಪುಸ್ತಕ ಬರೆದರು. ಅದೇ 1961ರ ಜುಲೈ 12ಕ್ಕೆ, ಪಾಲಕಿ ಪುಣೆ ದಾಟಿ ಹೋದ ಮೇಲೆ, ಪಾನ್‌ಶೆತ್ ಅಣೆಕಟ್ಟು ಒಡೆದು ಪುಣೆ ಮುಳುಗಿತು. ಈ ಇಬ್ಬರ ಬರಹಗಳೂ ಇಂಗ್ಲಿಷಿನಲ್ಲೂ ಸಿಗುತ್ತವೆ.

ಆಷಾಢದ ಒಳಗೂ ಸಂಖ್ಯೆ ದಿನಕ್ಕೊಂದು. ಆಳಂದಿಯಿಂದ ಪುಣೆಗೆ ಬರುವ ದಿನ ಆಫೀಸಿನವರು, ಕಾಲೇಜಿನವರು, ಕಂಪ್ಯೂಟರ್ ಕಂಪನಿಗಳವರು ಒಂದು ದಿನದ ವಾರಿ ಮಾಡುತ್ತಾರೆ. ದಿವೆ ಘಾಟು ಹತ್ತಿ ಸಾಸವಡ ಮುಟ್ಟಿದ ಮೇಲೆ ಅವರೆಲ್ಲ ಬಸ್ ಹಿಡಿದು ವಾಪಸ್. ಅಂದಹಾಗೆ ಸಾಸವಡದ ಬಳಿಯ ಪುರಂದರಗಡವೇ ನಮ್ಮ ಪುರಂದರದಾಸರ ಊರು ಎನ್ನುವವರಿದ್ದಾರೆ, ತೀರ್ಥಹಳ್ಳಿ ಕಡೆಯ ಆರಗ ಎನ್ನುವವರೂ ಇದ್ದಾರೆ. ಜೇಜುರಿ, ವಾಲ್ಹೆ, ಲೋಣಂದ ದಾಟುವಾಗ ಉಳಿಯುವವರು ದಿಂಡಿಯ ಕಾಯಂ ಜನ. ಫಲ್ಟಣದಿಂದ ಮುಂದೆ ಸುತ್ತಲಿನ ಹಳ್ಳಿಗಳು ಸೇರಿ ಸಾಲು ಮತ್ತೆ ದಪ್ಪವಾಗುತ್ತದೆ. ವಾಖರಿಯಲ್ಲಿ ಎಲ್ಲ ಪಾಲಕಿಗಳು ಕೂಡಿದಾಗ ನೆಲ ಕಾಣುವುದಿಲ್ಲ. ಟಿವಿಯವರು ಮೊದಲ ಎರಡು ದಿನ ಮತ್ತು ಕೊನೆಯ ಎರಡು ದಿನ ತೋರಿಸುತ್ತಾರೆ. ನಿಜವಾದ ವಾರಿ ನೋಡಬೇಕೆಂದರೆ ಮಧ್ಯದ ದಿನಗಳಲ್ಲಿ ನೀರಾ ನದಿಯ ಹತ್ತಿರ ಹೋಗಿ ನಿಲ್ಲಬೇಕು.

ಏಕಾದಶಿ ಮುಗಿದು ಹುಣ್ಣಿಮೆಗೆ ಗೋಪಾಳಕಾಲಾ ಆದ ಮೇಲೆ ಜನ ಕರಗುವುದು ಅದಕ್ಕಿಂತ ಬೇಗ. ಹೊಲ ಕರೆಯುತ್ತದೆ. ಬಂದವರಲ್ಲಿ ನೂರಕ್ಕೊಬ್ಬರೂ ನಡೆದು ಮರಳುವುದಿಲ್ಲ, ಬಸ್ಸು, ರೈಲು, ಟೆಂಪೋ. ಪಾಲಕಿ ಮಾತ್ರ ಕೆಲವೇ ಜನರೊಂದಿಗೆ ನಡೆದೇ ಆಳಂದಿಗೆ ಹಿಂದಿರುಗುತ್ತದೆ. ಹಳ್ಳಿಗಳಲ್ಲಿ ಆಗ ಸ್ವಾಗತದ ಕಮಾನು ಇರುವುದಿಲ್ಲ, ಲೌಡ್‌ಸ್ಪೀಕರ್ ಇರುವುದಿಲ್ಲ. ಕೆಲವು ವಾರಕರಿಗಳು ಚಾತುರ್ಮಾಸಕ್ಕೆಂದು ಪಂಢರಪುರದ ಮಠಗಳಲ್ಲೇ ಉಳಿದು ಕಾರ್ತೀಕಿ ಮುಗಿಸಿ ಹೊರಡುತ್ತಾರೆ.

ಕಾರ್ತೀಕದ ಶುದ್ಧ ಪಕ್ಷ ಕಳೆದು ಬಹುಳ ಪಕ್ಷ ಬಂದಾಗ ದಾರಿಯ ದಿಕ್ಕೇ ತಿರುಗುತ್ತದೆ. ಬಹುಳ ತ್ರಯೋದಶಿ ಜ್ಞಾನೇಶ್ವರರ ಸಮಾಧಿಯ ದಿನ. ಆ ಏಕಾದಶಿಯ ಹೊತ್ತಿಗೆ ಪಂಢರಪುರದ ವಿಠ್ಠಲನೇ ಆಳಂದಿಗೆ ಬರುತ್ತಾನೆಂದು ನಂಬಿಕೆ, ಜನ ಅವನ ಹಿಂದೆ. ಪುಣೆಯವರೇ, ಆಷಾಢದ ಬಂದೋಬಸ್ತಿನಲ್ಲಿ ನುಗ್ಗಲಾಗದವರು ಆಗ ಒಂದು ದಿನ ಆಳಂದಿಗೆ ಹೋಗಿಬನ್ನಿ. ನವೆಂಬರ್, ಡಿಸೆಂಬರಿನ ಚಳಿ, ಇಂದ್ರಾಯಣಿಯ ಘಾಟಿನ ಮೇಲೆ ರಾತ್ರಿಯಿಡೀ ತಾಳ ಮೃದಂಗ. ಜನ ಅಲ್ಲೂ ಲಕ್ಷಗಟ್ಟಲೆಯೇ, ಆದರೆ ಸುದ್ದಿವಾಹಿನಿಯವರು ಕಡಿಮೆ.